ಕೋರು ಎಷ್ಟು, ಥ್ರೆಡ್ಡು ಎಷ್ಟು? ಕಂಪ್ಯೂಟರು ಕೊಳ್ಳುವ ಮುನ್ನ ತೂಗಿ ನೋಡಿ



ಧರ್ಮ, ಸಂಸಾರ, ವ್ಯಾಪಾರಗಳ ವಿಷಯ ಬರುವ ಈ ಪತ್ರಿಕೆಯಲ್ಲಿ ಕಂಪ್ಯೂಟರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಮೆಟ್ರಿಕ್‌ವರೆಗೆ ಮಾತ್ರ ಓದಿದ ನನಗೆ ಅದನ್ನು ಬರೆಯಲು ಏನು ಅಧಿಕಾರ ಎಂದೂ ಕೇಳಬಹುದು. ಅಧಿಕಾರ ಒಂದೇ: ತಿಳಿಯದೆ ಕೊಂಡು ಹಣ ಕಳೆದುಕೊಂಡವನು ನಾನು. ನನ್ನಂತೆ ಇನ್ನೊಬ್ಬರು ಕಳೆದುಕೊಳ್ಳಬಾರದೆಂದು ಈ ನಾಲ್ಕು ಮಾತು.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಅಡತಿಯಾಗಲಿ, ಕಿರಾಣಿಯಾಗಲಿ, ಬಟ್ಟೆ ಬಂಗಾರದ ಅಂಗಡಿಯಾಗಲಿ, ಕಂಪ್ಯೂಟರು ಇಲ್ಲದೆ ಲೆಕ್ಕ ಒಪ್ಪಿಸುವುದು ಕಷ್ಟವಾಯಿತು. ಕೆಂಪು ಬಟ್ಟೆಯ ಕಿರ್ದಿ ಖಾತೆಗಳು ದೀಪಾವಳಿಯ ಪೂಜೆಗಷ್ಟೇ ಉಳಿದವು. ಅದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಹೀಗಾಗಿ ನಮ್ಮ ಅನೇಕ ಮನೆಗಳಲ್ಲಿ ಹೊಸ ಯಂತ್ರ ಕೊಳ್ಳುವ ಮಾತು ನಡೆದಿದೆ. ಅಂಗಡಿಗೆ ಹೋದರೆ ಮಾರುವವರು ‘ಇಷ್ಟು ಕೋರು, ಅಷ್ಟು ಥ್ರೆಡ್ಡು’ ಎನ್ನುತ್ತಾರೆ. ಈ ಎರಡು ಅಂಕಿಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ನಾನು ಸೋತ ಬಗೆ

2021ರಲ್ಲಿ ಅಂಗಡಿಯ ಕಂಪ್ಯೂಟರು ಕೆಟ್ಟಿತು. ದೊಡ್ಡ ಆಫೀಸುಗಳು ಬಳಸಿ ಬಿಟ್ಟ ಯಂತ್ರಗಳನ್ನು ಸರಿಪಡಿಸಿ ಮಾರುವವರೊಬ್ಬರಲ್ಲಿಗೆ ಹೋದೆ. ಅವರು ಎರಡು ಯಂತ್ರ ತೋರಿಸಿದರು. ಒಂದು ಐ5, ಆರು ಕೋರಿನದು, ಬೆಲೆ 22 ಸಾವಿರ. ಇನ್ನೊಂದು ಐ7, ‘ಎಂಟು ಕೋರಿನದು’, ಬೆಲೆ 18 ಸಾವಿರ. ಐದಕ್ಕಿಂತ ಏಳು ದೊಡ್ಡದು, ಆರಕ್ಕಿಂತ ಎಂಟು ದೊಡ್ಡದು, ಮೇಲೆ ನಾಲ್ಕು ಸಾವಿರ ಉಳಿತಾಯ. ವ್ಯಾಪಾರಿಯ ಬುದ್ಧಿಗೆ ಇನ್ನೇನು ಬೇಕು? ಐ7 ಕಟ್ಟಿಸಿಕೊಂಡು ಬಂದೆ.

ರಜೆಗೆ ಬಂದ ಮೊಮ್ಮಗಳು ಒಂದು ದಿನ ಅದರಲ್ಲಿ ಏನೋ ತೆರೆದು ನೋಡಿ, ‘ಅಜ್ಜಾ, ಇದರಲ್ಲಿ ಕೋರು ನಾಲ್ಕೇ ಇವೆ, ಎಂಟು ಇರುವುದು ಥ್ರೆಡ್ಡು’ ಎಂದಳು. ಪ್ರೊಸೆಸರಿನ ಹೆಸರು ಐ7-3770. ಅದು 2012ರ ಮಾಲು. ನಾನು ಬೇಡವೆಂದ ಐ5-8400 ಎಂಬುದು 2017ರದು. ಅದರಲ್ಲಿ ಆರು ಕೋರು ನಿಜವಾಗಿಯೂ ಇದ್ದವು. ಮಾರಿದವರನ್ನು ಕೇಳಿದಾಗ, ‘ಎಲ್ಲರೂ ಹೀಗೇ ಹೇಳುತ್ತಾರೆ ಸೇಠಜಿ, ಯಂತ್ರವೇ ಎಂಟು ತೋರಿಸುತ್ತದಲ್ಲ’ ಎಂದರು. ಅವರು ಹೇಳಿದ್ದು ಪೂರಾ ಸುಳ್ಳೂ ಅಲ್ಲ, ನಿಜವಂತೂ ಅಲ್ಲ.

ಒಂದು ತಕ್ಕಡಿ, ಎರಡು ಸಾಲು

ಮೊಮ್ಮಗಳು ತಿಳಿಸಿದ್ದನ್ನು ನಮ್ಮ ಪೇಟೆಯ ಭಾಷೆಯಲ್ಲಿ ಹೇಳುತ್ತೇನೆ. ಅಂಗಡಿಯಲ್ಲಿ ಒಂದು ತಕ್ಕಡಿ, ಅದರ ಮುಂದೆ ತೂಗುವ ಆಳು ಒಬ್ಬ ಇದ್ದಾನೆ ಎನ್ನೋಣ. ಇದೇ ಕೋರು. ಗಿರಾಕಿ ತೊಗರಿ ಕೇಳಿದ. ಮಾಲು ಹತ್ತಿರದ ಡಬ್ಬದಲ್ಲಿದ್ದರೆ ಕೂಡಲೇ ತೂಗುತ್ತಾನೆ. ಇಲ್ಲದಿದ್ದರೆ ಹಮಾಲನು ಒಳಗಿನಿಂದ ಚೀಲ ತರುವವರೆಗೆ ತಕ್ಕಡಿ ಸುಮ್ಮನೆ ನಿಂತಿರುತ್ತದೆ. ಆಗ ಆ ಆಳು ಎರಡನೆಯ ಸಾಲಿನ ಗಿರಾಕಿಗೆ ಬೆಲ್ಲ ತೂಗಿ ಕೊಟ್ಟರೆ ಖಾಲಿ ಹೊತ್ತು ಉಪಯೋಗವಾಯಿತು. ಹೀಗೆ ಒಂದೇ ತಕ್ಕಡಿಯ ಮುಂದೆ ಎರಡು ಸಾಲು ನಿಲ್ಲಿಸುವ ಏರ್ಪಾಡಿಗೆ ಇಂಟೆಲ್ ಕಂಪನಿ ಇಟ್ಟ ಹೆಸರು ಹೈಪರ್ ಥ್ರೆಡಿಂಗ್. ಎಎಂಡಿ ಕಂಪನಿಯವರು ಇಂಥದ್ದನ್ನೇ ಎಸ್.ಎಂ.ಟಿ. ಎನ್ನುತ್ತಾರೆ. ಸಾಲುಗಳ ಲೆಕ್ಕವೇ ಥ್ರೆಡ್ಡು.

ಬೀದಿಯಲ್ಲಿ ನಿಂತು ನೋಡುವವನಿಗೆ ಎಂಟು ಸಾಲು ಕಾಣುತ್ತದೆ. ಒಳಗಿರುವ ತಕ್ಕಡಿ ನಾಲ್ಕೇ. ನನಗೆ ಮಾರಿದವರು ಸಾಲುಗಳನ್ನು ಎಣಿಸಿ ತಕ್ಕಡಿ ಎಂದರು. ನಾನೂ ‘ಎಷ್ಟು’ ಎಂದು ಕೇಳಿದೆನೇ ಹೊರತು ‘ಏನು ಎಷ್ಟು’ ಎಂದು ಕೇಳಲಿಲ್ಲ.

ಹಾಗಾದರೆ ಎರಡನೆಯ ಸಾಲು ಬರೀ ಆಡಂಬರವೇ? ಅಲ್ಲ. 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರು ಒಂದು ಸೆಕೆಂಡಿಗೆ 400 ಕೋಟಿ ಸಲ ಮಿಡಿಯುತ್ತದೆ. ಬೇಕಾದ ಅಂಕಿ ತನ್ನೊಳಗಿನ ಸಣ್ಣ ಡಬ್ಬದಲ್ಲಿ, ಅಂದರೆ ಕ್ಯಾಶ್ ಎಂಬಲ್ಲಿ ಸಿಗದಿದ್ದರೆ ಹೊರಗಿನ ರ‍್ಯಾಮ್‌ನಿಂದ ತರಬೇಕು. ಅಷ್ಟರಲ್ಲಿ ಸುಮಾರು 300 ಮಿಡಿತ ಕಳೆಯುತ್ತದೆ. ಒಂದು ಮಿಡಿತವನ್ನು ಒಂದು ಸೆಕೆಂಡು ಎಂದು ಹಿಗ್ಗಿಸಿ ನೋಡಿದರೆ ಇದು ಐದು ನಿಮಿಷ ಖಾಲಿ ಕೂತಂತೆ. ಆ ಐದು ನಿಮಿಷವನ್ನು ಎರಡನೆಯ ಸಾಲು ಬಳಸಿಕೊಳ್ಳುತ್ತದೆ.

ಇಂಟೆಲ್ ಇದನ್ನು 2002ರಲ್ಲಿ ಮೊದಲು ಸರ್ವರುಗಳ ಜಿಯಾನ್ ಪ್ರೊಸೆಸರಿನಲ್ಲಿ, ಅದೇ ವರ್ಷದ ನವೆಂಬರಿನಲ್ಲಿ 3.06 ಗಿಗಾಹರ್ಟ್ಸ್‌ನ ಪೆಂಟಿಯಂ 4ರಲ್ಲಿ ತಂದಿತು. ಅದಕ್ಕಾಗಿ ಚಿಪ್ಪಿನ ಗಾತ್ರ ಶೇಕಡಾ 5ಕ್ಕಿಂತ ಕಡಿಮೆ ಹೆಚ್ಚಿತೆಂದೂ, ಸರ್ವರಿನ ಕೆಲಸಗಳಲ್ಲಿ ಶೇಕಡಾ 30ರವರೆಗೆ ಲಾಭ ಕಂಡಿತೆಂದೂ ಕಂಪನಿಯ ತಜ್ಞರೇ ಆಗ ಬರೆದರು. ಶೇಕಡಾ 5 ಬಂಡವಾಳಕ್ಕೆ ಶೇಕಡಾ 30 ಲಾಭ ಎಂದರೆ ಒಳ್ಳೆಯ ವ್ಯಾಪಾರವೇ. ಆದರೆ ಲಾಭ 30, ನೂರಲ್ಲ. ನಾಲ್ಕು ಕೋರಿಗೆ ಎಂಟು ಥ್ರೆಡ್ಡು ಇದ್ದರೆ ಒಳ್ಳೆಯ ದಿನದಲ್ಲಿ ಐದು ಕೋರಿನ ಕೆಲಸ ನಡೆದೀತು, ಎಂಟರದ್ದಲ್ಲ. ಎರಡೂ ಸಾಲಿನವರು ಒಂದೇ ಹೊತ್ತಿಗೆ ಅದೇ ತಕ್ಕಡಿಗೆ ಕೈಹಾಕಿದರೆ ಲಾಭ ಸೊನ್ನೆಯಾಗಬಹುದು, ಒಮ್ಮೊಮ್ಮೆ ಸ್ವಲ್ಪ ನಷ್ಟವೂ ಆಗುತ್ತದೆ. ಆದ್ದರಿಂದ ಒಂದೇ ಕಾಲದ, ಒಂದೇ ವೇಗದ ಎರಡು ಪ್ರೊಸೆಸರುಗಳಲ್ಲಿ ನಾಲ್ಕು ಕೋರು ಎಂಟು ಥ್ರೆಡ್ಡಿನದಕ್ಕಿಂತ ಆರು ಕೋರು ಆರು ಥ್ರೆಡ್ಡಿನದು ದೊಡ್ಡ ಕೆಲಸಕ್ಕೆ ಸಾಮಾನ್ಯವಾಗಿ ಮೇಲು.

ಇನ್ನೊಂದು ಸಂಗತಿ. ಒಂದೇ ತಕ್ಕಡಿಯ ಮುಂದೆ ನಿಂತ ಇಬ್ಬರಿಗೆ ಒಬ್ಬರ ವ್ಯವಹಾರ ಇನ್ನೊಬ್ಬರಿಗೆ ಕೇಳಿಸುವ ಭಯ ಇದೆಯಲ್ಲವೇ? 2018 ಮತ್ತು 2019ರಲ್ಲಿ ಇಂಥ ಸೋರಿಕೆಯ ದಾರಿಗಳು ಬೆಳಕಿಗೆ ಬಂದವು. ಓಪನ್ ಬಿ.ಎಸ್.ಡಿ. ಎಂಬ ವ್ಯವಸ್ಥೆಯವರು 2018ರ ಜೂನಿನಲ್ಲೇ ಇಂಟೆಲ್ ಪ್ರೊಸೆಸರುಗಳಲ್ಲಿ ಹೈಪರ್ ಥ್ರೆಡಿಂಗ್ ಅನ್ನು ತಾವಾಗಿ ಮುಚ್ಚಿದರು. ನಮ್ಮಂಥ ಅಂಗಡಿಯವರು ಇದಕ್ಕೆ ಹೆದರಬೇಕಾಗಿಲ್ಲ. ಭದ್ರತೆಯ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಹಾಕಿಸುತ್ತಿದ್ದರೆ ಸಾಕು.

ತಕ್ಕಡಿ ಹೆಚ್ಚಿದಷ್ಟೂ ಕೆಲಸ ಹೆಚ್ಚೇ?

‘ಹಾಗಾದರೆ ಥ್ರೆಡ್ಡಿನ ಮಾತು ಬಿಟ್ಟು, ಕೋರು ಜಾಸ್ತಿ ಇರುವುದನ್ನೇ ಕೊಂಡರಾಯಿತು’ ಎಂದು ನನ್ನ ಮಗ ಹೇಳಿದ. ಅದೂ ಪೂರ್ತಿ ಸರಿಯಲ್ಲ. ಒಂದು ಲಾರಿ ಮಾಲು ತೂಗಿ ಕಳಿಸಲು ಒಂದು ತಕ್ಕಡಿಯಲ್ಲಿ 60 ನಿಮಿಷ ಬೇಕು ಎನ್ನಿ. ಅದರಲ್ಲಿ 45 ನಿಮಿಷ ತೂಕದ್ದು, 15 ನಿಮಿಷ ದಿವಾಣಜಿ ಬಿಲ್ಲು ಬರೆಯುವುದು. ಬಿಲ್ಲು ಬರೆಯುವವರು ಒಬ್ಬರೇ. ನಾಲ್ಕು ತಕ್ಕಡಿ ಹೂಡಿದರೆ ತೂಕ ಹನ್ನೊಂದೂಕಾಲು ನಿಮಿಷಕ್ಕೆ ಇಳಿದು ಒಟ್ಟು 26 ನಿಮಿಷ ಚಿಲ್ಲರೆ ಆಗುತ್ತದೆ. ಎಂಟು ಹೂಡಿದರೆ ಇಪ್ಪತ್ತೂವರೆ ನಿಮಿಷ. ಹದಿನಾರು ಹೂಡಿದರೆ ಸುಮಾರು 18. ಸಾವಿರ ತಕ್ಕಡಿ ತಂದರೂ ದಿವಾಣಜಿಯ 15 ನಿಮಿಷ ತಪ್ಪುವುದಿಲ್ಲ. ಮೊದಲ ನಾಲ್ಕು ತಕ್ಕಡಿ ಉಳಿಸಿದ್ದು ಅರ್ಧ ಗಂಟೆಗೂ ಮೇಲೆ; ಆಮೇಲಿನ ಹನ್ನೆರಡು ಸೇರಿ ಉಳಿಸಿದ್ದು ಎಂಟೇ ನಿಮಿಷ. ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು 1967ರಲ್ಲಿ ಮಂಡಿಸಿದ ವಾದದಿಂದ ಬಂದ ಈ ಲೆಕ್ಕಕ್ಕೆ ಅವರದೇ ಹೆಸರಿದೆ.

ಬಿಲ್ಲು ಟೈಪು ಮಾಡುವುದು, ಖಾತೆ ತೆರೆದು ನೋಡುವುದು ಇವೆಲ್ಲ ದಿವಾಣಜಿಯ ಜಾತಿಯ ಕೆಲಸ. ಅಲ್ಲಿ ಬಹುಪಾಲು ಹೊತ್ತು ಯಂತ್ರವೇ ನಮ್ಮ ಬೆರಳಿಗೆ ಕಾಯುತ್ತಿರುತ್ತದೆ. ಪಂಚಕಲ್ಯಾಣದ ಇಲ್ಲವೇ ಮದುವೆಯ ವಿಡಿಯೋ ಕತ್ತರಿಸಿ ಜೋಡಿಸಿ ಹೊಸದಾಗಿ ಸಿದ್ಧಪಡಿಸುವುದು ತೂಕದ ಜಾತಿಯ ಕೆಲಸ. ಅದನ್ನು ಅನೇಕ ಕೋರುಗಳು ಹಂಚಿಕೊಳ್ಳಬಲ್ಲವು. ಯಾವ ಕೆಲಸ ನಮ್ಮದು ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಹೆಸರಿನ ಗೊಂದಲ

ಇಂಟೆಲ್ ಕಂಪನಿಯ ಸಾಮಾನ್ಯ ಡೆಸ್ಕ್‌ಟಾಪುಗಳಲ್ಲಿ 2017ರವರೆಗೆ ಐ3 ಎಂದರೆ ಹೆಚ್ಚಾಗಿ ಎರಡು ಕೋರು ನಾಲ್ಕು ಥ್ರೆಡ್ಡು, ಐ5 ಎಂದರೆ ನಾಲ್ಕು ಕೋರು ನಾಲ್ಕು ಥ್ರೆಡ್ಡು, ಐ7 ಎಂದರೆ ನಾಲ್ಕು ಕೋರು ಎಂಟು ಥ್ರೆಡ್ಡು. ಐ3ಕ್ಕೂ ನಾಲ್ಕು, ಐ5ಕ್ಕೂ ನಾಲ್ಕು. ಆದರೆ ಒಂದರಲ್ಲಿ ತಕ್ಕಡಿ ಎರಡು, ಇನ್ನೊಂದರಲ್ಲಿ ನಾಲ್ಕು. 2017ರ ಮಾರ್ಚಿನಲ್ಲಿ ಎಎಂಡಿ ಕಂಪನಿ ಎಂಟು ಕೋರು ಹದಿನಾರು ಥ್ರೆಡ್ಡಿನ ರೈಜೆನ್ 7 ತಂದ ಮೇಲೆ ಪೈಪೋಟಿ ಹತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಇಂಟೆಲ್‌ನ ಎಂಟನೆಯ ತಲೆಮಾರಿನಲ್ಲಿ ಐ3ಕ್ಕೆ ನಾಲ್ಕು, ಐ5ಕ್ಕೆ ಆರು ಕೋರು ಸಿಕ್ಕವು.

2021ರ ನವೆಂಬರಿನಿಂದ ಇನ್ನೊಂದು ಬದಲಾವಣೆ. ಹನ್ನೆರಡನೆಯ ತಲೆಮಾರಿನ ಕೆಲವು ಪ್ರೊಸೆಸರುಗಳಲ್ಲಿ ದೊಡ್ಡ ಕೋರು, ಸಣ್ಣ ಕೋರು ಎಂದು ಎರಡು ಬಗೆ ಬಂದವು. ದೊಡ್ಡ ಕಾಟಾ ಇದೆ, ಪಕ್ಕದಲ್ಲಿ ಚಿಲ್ಲರೆಯ ಸಣ್ಣ ತಕ್ಕಡಿಯೂ ಇದೆ ಎಂದಂತೆ. ಈ ಸಣ್ಣ ಕೋರಿಗೆ ಎರಡನೆಯ ಸಾಲು ಇಲ್ಲ. ಉದಾಹರಣೆಗೆ ಐ5-14600ಕೆ ಎಂಬುದರಲ್ಲಿ ದೊಡ್ಡವು ಆರು, ಸಣ್ಣವು ಎಂಟು. ಕೋರು 14, ಥ್ರೆಡ್ಡು 20. ‘ಹದಿನಾಲ್ಕು ಕೋರು’ ಎಂದಾಗ ಹದಿನಾಲ್ಕೂ ಒಂದೇ ತೂಕದವಲ್ಲ ಎಂಬುದು ನೆನಪಿರಲಿ.

2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಇಂಟೆಲ್ ಹೈಪರ್ ಥ್ರೆಡಿಂಗ್ ಅನ್ನೇ ತೆಗೆದುಹಾಕಿತು. ಆ ಸಾಲಿನ ಅಲ್ಟ್ರಾ 5 245ಕೆ ಎಂಬುದಕ್ಕೆ ಕೋರು 14, ಥ್ರೆಡ್ಡೂ 14. ಥ್ರೆಡ್ಡು 20 ಇದ್ದದ್ದು 14ಕ್ಕೆ ಇಳಿಯಿತೆಂದು ಹೊಸದು ಕೀಳಾಗಲಿಲ್ಲ. ಒಂದೊಂದು ಕೋರೇ ಸುಧಾರಿಸಿದ್ದರಿಂದ ದೊಡ್ಡ ಕೆಲಸಗಳಲ್ಲಿ ಅದು ಹಳೆಯದಕ್ಕೆ ಸರಿಸಮವಾಗಿ ನಿಲ್ಲುತ್ತದೆ, ವಿದ್ಯುತ್ತನ್ನೂ ಕಡಿಮೆ ತಿನ್ನುತ್ತದೆ. ಹಾಗೆಯೇ 2022ರ ಐ3-12100 ನಾಲ್ಕೇ ಕೋರಿನದಾದರೂ 2017ರ ಆರು ಕೋರಿನ ಐ5-8400 ಅನ್ನು ಅನೇಕ ಕೆಲಸಗಳಲ್ಲಿ ಹಿಂದೆ ಹಾಕುತ್ತದೆ. ಆದ್ದರಿಂದ ಅಂಕಿಗಿಂತ ಮೊದಲು ಯಾವ ವರ್ಷದ ಮಾಲು ಎಂದು ಕೇಳಬೇಕು. ಹೊಸ ತೊಗರಿಗೂ ಮೂರು ವರ್ಷದ ತೊಗರಿಗೂ ನಾವು ಒಂದೇ ಧಾರಣೆ ಹೇಳುತ್ತೇವೆಯೇ?

ತಡ ಎಲ್ಲಿ ಆಗುತ್ತಿದೆ?

ಬಹಳ ಜನ ‘ಯಂತ್ರ ನಿಧಾನ’ ಎಂದು ಪ್ರೊಸೆಸರಿನ ಮೇಲೆ ಹಣ ಸುರಿಯುತ್ತಾರೆ. ತಡ ಗೋದಾಮಿನಲ್ಲಿ ಆಗುತ್ತಿದ್ದರೆ ತಕ್ಕಡಿ ಹೆಚ್ಚಿಸಿ ಏನು ಫಲ? ಒಂದು ಮಿಡಿತಕ್ಕೆ ಒಂದು ಸೆಕೆಂಡು ಎಂಬ ಹಿಂದಿನ ಲೆಕ್ಕವನ್ನೇ ಮುಂದುವರಿಸಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಿಂದ ಒಂದು ಅಂಕಿ ಹುಡುಕಿ ತರಲು ಸೆಕೆಂಡಿನ ನೂರನೆಯ ಒಂದು ಭಾಗ ಬೇಕು, ಅಂದರೆ ನಾಲ್ಕು ಕೋಟಿ ಮಿಡಿತ. ನಮ್ಮ ಲೆಕ್ಕಕ್ಕೆ ಅದು ಒಂದು ವರ್ಷ ಮೂರು ತಿಂಗಳು! ಎಸ್.ಎಸ್.ಡಿ. ಆದರೆ ಸುಮಾರು ನಾಲ್ಕೂವರೆ ದಿನ. ರ‍್ಯಾಮ್‌ನಲ್ಲೇ ಇದ್ದರೆ ಐದು ನಿಮಿಷ. ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿಸಿ, ರ‍್ಯಾಮ್ 8 ಅಥವಾ 16 ಜಿ.ಬಿ. ಮಾಡಿಸಿದರೆ ಆಗುವ ಅನುಕೂಲ, ನಾಲ್ಕು ಕೋರನ್ನು ಎಂಟು ಮಾಡಿದರೂ ಆಗಲಿಕ್ಕಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಸಿ.ಪಿ.ಯು. ಒತ್ತಿರಿ. ಕೋರ್ಸ್ ಎಂದು ಒಂದು ಅಂಕಿ, ಲಾಜಿಕಲ್ ಪ್ರೊಸೆಸರ್ಸ್ ಎಂದು ಇನ್ನೊಂದು ಅಂಕಿ ಕಾಣುತ್ತದೆ. ಮೊದಲಿನದು ತಕ್ಕಡಿ, ಎರಡನೆಯದು ಸಾಲು. ತಿಂಗಳ ಕೊನೆಯ ಗದ್ದಲದ ದಿನ ಅಲ್ಲೇ ನೋಡಿ: ಡಿಸ್ಕ್ ನೂರಕ್ಕೆ ನೂರು ಮುಟ್ಟಿದೆಯೇ, ಮೆಮೊರಿ ತುಂಬಿದೆಯೇ, ಸಿ.ಪಿ.ಯು. ದಣಿದಿದೆಯೇ? ಒಂದು ಎಚ್ಚರಿಕೆ ಮಾತ್ರ. ನಾಲ್ಕು ಥ್ರೆಡ್ಡಿನ ಯಂತ್ರದಲ್ಲಿ ಒಂದೇ ಸಾಲು ಪೂರ್ತಿ ದುಡಿಯುತ್ತಿದ್ದರೂ ಒಟ್ಟು ಲೆಕ್ಕ ಶೇಕಡಾ 25 ಎಂದಷ್ಟೇ ತೋರುತ್ತದೆ; ಹದಿನಾರರ ಯಂತ್ರದಲ್ಲಿ ಶೇಕಡಾ 6ರ ಆಸುಪಾಸು. ಅಂಥಲ್ಲಿ ಹೆಚ್ಚು ಕೋರು ತಂದರೆ ಲಾಭವಿಲ್ಲ, ವೇಗದ ಕೋರು ಬೇಕು.

ಯಾರಿಗೆ ಎಷ್ಟು?

ಬರೀ ಬಿಲ್ಲು, ಖಾತೆ, ರಿಟರ್ನು ನೋಡುವ ಅಂಗಡಿಗೆ ಈಚಿನ ತಲೆಮಾರಿನ ನಾಲ್ಕು ಕೋರು ಎಂಟು ಥ್ರೆಡ್ಡು ಧಾರಾಳ ಸಾಕು. ಒಂದೇ ಯಂತ್ರದ ಮೇಲೆ ಮೂರು ನಾಲ್ಕು ಕೌಂಟರು ನಡೆಸುವವರಿಗೆ, ಮಕ್ಕಳ ಓದಿಗೂ ಅದೇ ಬೇಕೆನ್ನುವ ಮನೆಗೆ ಆರು ಕೋರು ಹನ್ನೆರಡು ಥ್ರೆಡ್ಡು ಹದವಾದ ಅಳತೆ. 2022ರ ಐ5-12400, 2021ರ ರೈಜೆನ್ 5 5600ಜಿ ಈ ಅಳತೆಯವು. ವಿಡಿಯೋ ಕೆಲಸವನ್ನೇ ಉದ್ಯೋಗ ಮಾಡಿಕೊಂಡ ಹುಡುಗರಿಗೆ ಎಂಟು ಕೋರು ಇಲ್ಲವೇ ಅದಕ್ಕೂ ಮೇಲೆ ಇರಲಿ. ಅವರಿಗೆ ಥ್ರೆಡ್ಡೂ ದುಡಿದು ಕೊಡುತ್ತದೆ. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದ್ದರೆ ಚಿತ್ರ ತೋರಿಸುವ ಭಾಗ ಒಳಗಿಲ್ಲ, ಬೇರೆ ಕಾರ್ಡು ಕೊಳ್ಳಬೇಕಾಗುತ್ತದೆ. ಬಳಸಿದ ಯಂತ್ರ ಕೊಳ್ಳುವವರು ಇಂಟೆಲ್ ಆದರೆ ಎಂಟನೆಯ ತಲೆಮಾರಿನದೋ ಅದರ ಮೇಲಿನದೋ ಎಂದೂ, ಟಿ.ಪಿ.ಎಂ. 2.0 ಇದೆಯೇ ಎಂದೂ ಕೇಳಿ. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇವೆರಡೂ ಬೇಕು. ನಾನು 2021ರಲ್ಲಿ ಬೇಡವೆಂದ ಆ ಐ5 ಇಂದಿಗೂ ನಡೆಯುತ್ತಿತ್ತು. ನಾನು ತಂದ ಐ7ಕ್ಕೆ ನಾಲ್ಕೇ ವರ್ಷಕ್ಕೆ ಬಾಗಿಲು ಮುಚ್ಚಿತು. ನಾಲ್ಕು ಸಾವಿರ ಉಳಿಸಲು ಹೋಗಿ ಹದಿನೆಂಟು ಸಾವಿರ ಕಳೆದೆ.

ಅಳತೆಯ ಧರ್ಮ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಐದು ಅತಿಚಾರಗಳು ನಮ್ಮವರಿಗೆ ಗೊತ್ತಿರುವವೇ. ಅವುಗಳಲ್ಲಿ ಎರಡು ನೇರವಾಗಿ ಅಂಗಡಿಯವರಿಗೇ ಸಂಬಂಧಿಸಿದವು. ಹೀನಾಧಿಕ ಮಾನೋನ್ಮಾನ ಎಂದರೆ ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ಪ್ರತಿರೂಪಕ ವ್ಯವಹಾರ ಎಂದರೆ ಒಳ್ಳೆಯ ಮಾಲಿನಂತೆ ಕಾಣುವ ಕೀಳು ಮಾಲನ್ನು ಬೆರೆಸಿ ಒಳ್ಳೆಯದೆಂದು ಮಾರುವುದು. ಥ್ರೆಡ್ಡನ್ನು ಕೋರೆಂದು ಎಣಿಸಿ ಕೊಡುವುದು ಈ ಎರಡರ ನಡುವೆ ಎಲ್ಲೋ ಬರುತ್ತದೆ ಎಂದು ನನಗೆ ತೋರುತ್ತದೆ. ಕೊಳ್ಳುವವರಿಗೂ ಒಂದು ಮಾತಿದೆ. ಬೇಕಾದದ್ದು ನಾಲ್ಕಿರುವಾಗ ನೆರೆಯವರು ತಂದರೆಂದು ಹದಿನಾಲ್ಕು ತರುವುದು ಪರಿಗ್ರಹ ಪರಿಮಾಣಕ್ಕೆ ಸಲ್ಲದು.

ಇಷ್ಟೆಲ್ಲ ಬರೆಯುವವನಿಗೂ ಪರೀಕ್ಷೆ ಬರುತ್ತದೆ. ಆರು ಕೋರಿನ ಹೊಸ ಯಂತ್ರ ಬಂದ ಮೇಲೆ ಹಳೆಯದನ್ನು ಕೊಳ್ಳಲು ಒಬ್ಬ ವಿದ್ಯಾರ್ಥಿಯ ತಂದೆ ಬಂದರು. ‘ಐ7 ಅಲ್ಲವೇ, ಎಂಟು ಕೋರಿನದು? ಏಳು ಸಾವಿರ ಕೊಡುತ್ತೇನೆ’ ಎಂದರು. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಒಂದು ಗಳಿಗೆ ಸುಮ್ಮನೆಯೇ ಇದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ನನ್ನ ಹದಿನೆಂಟು ಸಾವಿರ ನೆನಪಾಯಿತು. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು.

‘ಕೋರು ನಾಲ್ಕು, ಥ್ರೆಡ್ಡು ಎಂಟು. 2012ರ ಮಾಲು. ವಿಂಡೋಸ್ 11 ಹತ್ತುವುದಿಲ್ಲ, ಲಿನಕ್ಸ್ ಹಾಕಿಸಿದರೆ ಹುಡುಗನ ಓದಿಗೆ ಇನ್ನೂ ಕೆಲವು ವರ್ಷ ನಡೆದೀತು’ ಎಂದು ಇದ್ದದ್ದು ಇದ್ದಂತೆ ಹೇಳಿದೆ. ಅವರು ಯೋಚಿಸಿ ನಾಲ್ಕು ಸಾವಿರಕ್ಕೆ ಒಯ್ದರು. ಮೂರು ಸಾವಿರ ಕಡಿಮೆ ಬಂತು. ಆ ಸಂಜೆ ಕಿರ್ದಿಯಲ್ಲಿ ಜಮೆ ಬರೆಯುವಾಗ ‘ಹಳೆಯ ಕಂಪ್ಯೂಟರು, ನಾಲ್ಕು ಕೋರು’ ಎಂದೇ ಬರೆದೆ.